ಕಾರವಾರದ ದಂಡೆಯಲ್ಲಿ ಎರಡು ತಾಸು

ಘಟ್ಟದ ಮೇಲಿನ ನಮಗೆ ಕಾರವಾರವೆಂದರೆ ಸಮುದ್ರವಲ್ಲ, ಕಚೇರಿ. ಕೋಲಸಿರ್ಸಿಯ ಕಡೆ ಯಾರಾದರೂ ಕಾರವಾರಕ್ಕೆ ಹೋಗಿ ಬಂದರೆ ‘ಕೆಲಸ ಆತಾ?’ ಎಂದು ಕೇಳುತ್ತಾರೆಯೇ ಹೊರತು ‘ಸಮುದ್ರ ಹೇಗಿತ್ತು?’ ಎಂದು ಕೇಳುವವರಿಲ್ಲ. ಬೆಳಗಿನ ಜಾವ ಎದ್ದು, ಸಿದ್ದಾಪುರದಲ್ಲಿ ಬಸ್ಸು ಹಿಡಿದು, ದೊಡ್ಮನೆ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು, ಕುಮಟೆಯಲ್ಲಿ ಇನ್ನೊಂದು ಬಸ್ಸು ಹತ್ತಿ, ಮಧ್ಯಾಹ್ನದ ಹೊತ್ತಿಗೆ ಕಾಗದದ ಕಟ್ಟಿನೊಡನೆ ಇಳಿಯುವ ಊರು ಅದು. ಇಳಿದವರ ಕಣ್ಣು ಗಡಿಯಾರದ ಮೇಲೆಯೇ. ಸಂಜೆಯ ಬಸ್ಸು ತಪ್ಪಿದರೆ ಉಳಿಯುವುದೆಲ್ಲಿ?

ನಾನೂ ಆಯಿಯೂ ಹೀಗೆ ಹೋದದ್ದು 1989ರಲ್ಲಿ. ಶಾಲೆ ಮಾಸ್ತರಾಗಿದ್ದ ಅಪ್ಪಯ್ಯ ತೀರಿಕೊಂಡು ವರ್ಷವಾಗಿತ್ತು. ಕುಟುಂಬ ಪಿಂಚಣಿಯ ಕಾಗದ ಯಾವುದೋ ಮೇಜಿನ ಮೇಲೆ ಕೂತುಬಿಟ್ಟಿತ್ತು. ನಾವು ಹುಡುಕಿಕೊಂಡು ಹೋದ ಕಚೇರಿಯಲ್ಲಿ ‘ಸಾಹೇಬರು ಊಟಕ್ಕೆ ಹೋಗಿದ್ದಾರೆ, ಮೂರು ಗಂಟೆಯ ಮೇಲೆ ಬನ್ನಿ’ ಎಂದರು. ಆಗ ಒಂದು ಗಂಟೆಯೂ ಆಗಿರಲಿಲ್ಲ.

ಹೆಂಗಸರಿಗೆ ಇದೊಂದು ಸಣ್ಣ ಕಷ್ಟ. ಪರಸ್ಥಳದಲ್ಲಿ ಎರಡು ತಾಸು ಎಲ್ಲಿ ಕಳೆಯುವುದು? ಗಂಡಸರಾದರೆ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾರೆ, ಬೀಡಿ ಸೇದುತ್ತ ನಿಲ್ಲುತ್ತಾರೆ, ಹೋಟೆಲಿನಲ್ಲಿ ಒಂದು ಚಹಾಕ್ಕೆ ಅರ್ಧ ತಾಸು ಪೇಪರು ಓದುತ್ತಾರೆ. ನಾವು ಹೋಟೆಲಿನಲ್ಲಿ ತಿಂದು ಮುಗಿಸಿದ ಕೂಡಲೇ ಎದ್ದುಬಿಡಬೇಕು. ಬಸ್‌ಸ್ಟ್ಯಾಂಡಿನಲ್ಲಿ ಕೂತರೆ ‘ಎಲ್ಲಿಗೆ ಹೋಗಬೇಕು?’ ಎಂದು ಹತ್ತು ಜನ ಕೇಳುತ್ತಾರೆ. ಕಚೇರಿಯ ಮೆಟ್ಟಿಲ ಮೇಲೆ ಕೂತರೆ ಜವಾನ ಏಳಿಸುತ್ತಾನೆ. ನಾನು ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ಆಯಿಯೇ ಹೇಳಿದಳು: ‘ಸಮುದ್ರ ಹತ್ರವೇ ಇದ್ದಡ. ಅಲ್ಲೇ ಹೋಪನ.’

ಆಯಿ ಸಮುದ್ರ ನೋಡದವಳೇನಲ್ಲ. ಗೋಕರ್ಣಕ್ಕೆ ಎರಡು ಸಲ ಹೋಗಿದ್ದಳು. ಎರಡೂ ಸಲ ಅಪರಕಾರ್ಯಕ್ಕೆ. ಮುಳುಗು ಹಾಕಿ, ಒದ್ದೆ ಸೀರೆಯಲ್ಲಿ ನಡುಗುತ್ತ ಓಡಿ ಬಂದು ಮುಂದಿನ ಕೆಲಸಕ್ಕೆ ಕೈ ಹಚ್ಚಿದವಳು. ಸಮುದ್ರದ ಎದುರು ಸುಮ್ಮನೆ ಕೂರಬಹುದೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಅವತ್ತು ಗಾಳಿಮರದ ನೆರಳಿನಲ್ಲಿ ಮರಳ ಮೇಲೆ ಚೀಲವಿಟ್ಟು ಕಾಲು ಚಾಚಿ ಕೂತಳು. ನಾನು ಅಲೆಗೆ ಕಾಲೊಡ್ಡಿ ಬರೋಣವೆಂದು ಕರೆದರೆ, ‘ಆನು ಇಲ್ಲೇ ಕೂತಿರ್ತಿ, ನೀ ಹೋಗಿ ಬಾ’ ಎಂದಳು. ನಾನು ತಿರುಗಿ ಬಂದಾಗಲೂ ಹಾಗೆಯೇ ಕೂತಿದ್ದಳು. ಸ್ವಲ್ಪ ಹೊತ್ತಿಗೆ, ಏನೋ ಆಶ್ಚರ್ಯವನ್ನು ಕಂಡವಳ ಹಾಗೆ ಹೇಳಿದಳು: ‘ಇಷ್ಟೊತ್ತಾತು, ಎಂತಕ್ಕೆ ಕೂತ್ಯೆ ಹೇಳಿ ಒಬ್ರೂ ಕೇಳಿದ್ವಿಲ್ಲೆ.’

ಆ ಮಾತು ನನ್ನಲ್ಲಿ ಉಳಿದುಬಿಟ್ಟಿತು. ಆಮೇಲೆ ಕಾರವಾರದ ಚರಿತ್ರೆಯನ್ನು ಅಲ್ಲಿಷ್ಟು ಇಲ್ಲಿಷ್ಟು ಓದಿದಾಗಲೆಲ್ಲ ಅದು ನೆನಪಾಗುತ್ತದೆ. ಏಕೆಂದರೆ ಈ ದಂಡೆಗೆ ಬಂದವರಲ್ಲಿ ಸುಮ್ಮನೆ ಕೂರಲು ಬಂದವರು ಬಹಳ ಕಡಿಮೆ. ಬಂದವರೆಲ್ಲ ಏನನ್ನೋ ಒಯ್ಯಲು ಬಂದವರು.

ಮೊದಲು ಬಂದವರು ನಮ್ಮ ಕಾಳುಮೆಣಸಿಗಾಗಿ ಬಂದರು. ನಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಆಯಿ ಕೊಯ್ದು, ಅಂಗಳದಲ್ಲಿ ಒಣಗಿಸಿ, ಡಬ್ಬದಲ್ಲಿ ತುಂಬಿಡುತ್ತಿದ್ದಳಲ್ಲ, ಅದೇ ಮೆಣಸು. ಶಿರಸಿಯ ಹತ್ತಿರದ ಸೋದೆಯ ಅರಸರ ಸೀಮೆಯಲ್ಲಿ ಬೆಳೆದದ್ದು ಘಟ್ಟ ಇಳಿದು ಕಾಳಿನದಿಯ ಮುಖಕ್ಕೆ ಬರುತ್ತಿತ್ತು. 1638ರಲ್ಲಿ ಕೋರ್ಟೀನ್ ಎಂಬವನ ಕೂಟಕ್ಕೆ ಸೇರಿದ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಕೋಠಿ ತೆರೆದರು. ಮೆಣಸು, ಜೊತೆಗೆ ಬಯಲುಸೀಮೆಯ ತೆಳುಬಟ್ಟೆ ಅವರಿಗೆ ಬೇಕಾಗಿತ್ತು. ಮುಂದೆ ಈಸ್ಟ್ ಇಂಡಿಯಾ ಕಂಪನಿಯವರು ಅದೇ ವ್ಯಾಪಾರವನ್ನು ಮುಂದುವರಿಸಿದರು. ನದಿಯಾಚೆ ಸದಾಶಿವಗಡದ ಕೋಟೆ ಕಟ್ಟಿದವರೂ ಸೋದೆಯ ಅರಸರೇ. ಘಟ್ಟದ ಮೇಲಿನ ಸಣ್ಣ ರಾಜ್ಯವೊಂದು ಅಷ್ಟು ದೂರ ಬಂದು ಸಮುದ್ರದ ಬಾಯಲ್ಲಿ ಕೋಟೆ ಕಟ್ಟಿದ್ದೇಕೆಂದು ಮೊದಲು ನನಗೆ ಅರ್ಥವಾಗಿರಲಿಲ್ಲ. ಮೆಣಸಿನ ಡಬ್ಬ ನೆನಪಾದ ಮೇಲೆ ಅರ್ಥವಾಯಿತು.

ಎರಡನೆಯ ಸಲ ಬಂದವರು ಹತ್ತಿಗಾಗಿ ಬಂದರು. ಇದರ ಕತೆ ಸ್ವಾರಸ್ಯವಾಗಿದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತಿತು. ಮಗ್ಗಗಳಿಗೆ ಕೆಲಸವಿಲ್ಲದಾಯಿತು. ಆಗ ಎಲ್ಲರ ಕಣ್ಣು ಹಿಂದೂಸ್ಥಾನದ ಹತ್ತಿಯ ಮೇಲೆ ಬಿತ್ತು. ಧಾರವಾಡ ಸೀಮೆಯ ಹತ್ತಿ ಅದಕ್ಕೂ ಮೊದಲೇ ನಮ್ಮ ಶಿರಸಿಯ ಮೇಲಿಂದ, ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುತ್ತಿತ್ತು. ಸಾಲುಸಾಲು ಎತ್ತಿನ ಗಾಡಿಗಳು. ವಿಲಾಯಿತಿಯ ಪೇಟೆಯಲ್ಲಿ ಆ ಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರು. ಬೆಳೆದ ಊರಿನ ಹೆಸರಿಲ್ಲ, ಹಡಗಿಗೆ ಏರಿಸಿದ ಊರಿನ ಹೆಸರು! ಆದರೆ ಕುಮಟೆಯ ದಂಡೆ ಬಯಲು. ಮಳೆಗಾಲದಲ್ಲಿ ಹಡಗು ನಿಲ್ಲುವಂತಿಲ್ಲ. ಕಾರವಾರದಲ್ಲಾದರೋ ಸಮುದ್ರಕ್ಕೆ ಮುಂಚಾಚಿದ ಗುಡ್ಡ ಒಂದು ಕಡೆ, ನಡುಗಡ್ಡೆಗಳು ಇನ್ನೊಂದು ಕಡೆ ಅಡ್ಡ ನಿಂತು ಅಲೆಯನ್ನು ತಡೆಯುತ್ತವೆ.

ಮದ್ರಾಸ್ ಸರ್ಕಾರಕ್ಕೆ ಈ ಬಂದರಿನಲ್ಲಿ ಅಷ್ಟು ಆಸಕ್ತಿ ಇರಲಿಲ್ಲ. ಮುಂಬಯಿಯ ವರ್ತಕರಿಗೆ ಇತ್ತು. ಅದಕ್ಕೇ 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಬಂದರು, ದೀಪಸ್ತಂಭ, ಘಟ್ಟ ಹತ್ತುವ ರಸ್ತೆ, ಕಚೇರಿ, ಕೋರ್ಟು ಎಲ್ಲ ಬಂದವು. ನೋಡಿ, ಎಲ್ಲಿಯ ಅಮೆರಿಕದ ಯುದ್ಧ, ಎಲ್ಲಿಯ ಕೋಲಸಿರ್ಸಿಯ ವಿಧವೆಯ ಪಿಂಚಣಿ! ಆದರೂ ಆಯಿ ಅಷ್ಟು ದೂರ ಘಟ್ಟ ಇಳಿದು ಕಾರವಾರಕ್ಕೇ ಬರಬೇಕಾದದ್ದಕ್ಕೆ ಮೂಲ ಹುಡುಕುತ್ತ ಹೋದರೆ ಆ ಹತ್ತಿಯೇ ಸಿಗುತ್ತದೆ.

ಅದೇ ಕೋರ್ಟಿನ ಕಾರಣಕ್ಕೆ ಇನ್ನೊಬ್ಬರು ಬಂದರು. ಐ.ಸಿ.ಎಸ್. ಪಾಸಾದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಟಾಗೋರ್ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಅವರ ತಮ್ಮ ರವೀಂದ್ರನಾಥ ಇಲ್ಲಿಗೆ ಬಂದರು. ಆಗ ಅವರಿಗೆ 22 ವರ್ಷ. ಗಡ್ಡದ ಗುರುದೇವರಲ್ಲ, ಇನ್ನೂ ಮದುವೆಯಾಗದ ಹುಡುಗ. ಅರ್ಧಚಂದ್ರದ ಹಾಗೆ ಬಾಗಿದ ದಂಡೆ, ಅದರಂಚಿಗೆ ಗಾಳಿಮರದ ಕಾಡು, ಸುತ್ತ ಗುಡ್ಡ, ಹೀಗೆ ಅವರು ತಮ್ಮ ನೆನಪಿನ ಪುಸ್ತಕದಲ್ಲಿ ಕಾರವಾರವನ್ನು ಕುರಿತು ಬರೆದಿದ್ದಾರೆ. ಒಂದು ಬೆಳದಿಂಗಳ ರಾತ್ರಿ ಮನೆಯವರೆಲ್ಲ ಸಣ್ಣ ದೋಣಿಯಲ್ಲಿ ಕಾಳಿನದಿಯಲ್ಲಿ ಮೇಲಕ್ಕೆ ಹೋಗಿ, ಗುಡ್ಡದ ಮೇಲಿನ ಹಳೆಯ ಕೋಟೆಯ ಬುಡದಲ್ಲಿ ಇಳಿದು, ರೈತನೊಬ್ಬನ ಸಾರಿಸಿದ ಅಂಗಳದಲ್ಲಿ ಊಟ ಮಾಡಿದರಂತೆ. ತಿರುಗಿ ಬರುವಾಗ ದೋಣಿಯನ್ನು ಹರಿವಿಗೇ ಬಿಟ್ಟುಬಿಟ್ಟರಂತೆ. ನದಿಯ ಮುಖ ಮುಟ್ಟುವಾಗ ಬಹಳ ಹೊತ್ತಾಗಿತ್ತು. ಅಲ್ಲಿಂದ ಮನೆಗೆ ಮರಳಿನ ಮೇಲೆಯೇ ನಡೆದು ಬಂದರಂತೆ.

ಕಾರವಾರದಲ್ಲಿ ಅವರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದರು. ಎಲ್ಲವನ್ನೂ ಬಿಟ್ಟೆನೆಂದುಕೊಂಡ ಒಬ್ಬ ಸನ್ಯಾಸಿಯನ್ನು ಒಂದು ಅನಾಥ ಹುಡುಗಿಯ ಮಮತೆ ಮತ್ತೆ ಲೋಕಕ್ಕೆ ಎಳೆಯುವ ಕತೆ. ತಮ್ಮ ಮುಂದಿನ ಬರವಣಿಗೆಗೆಲ್ಲ ಅದು ಪೀಠಿಕೆಯಂತಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಕಾರವಾರದಿಂದ ಮರಳಿದ ಸ್ವಲ್ಪ ಕಾಲದಲ್ಲೇ, 1883ರ ಡಿಸೆಂಬರಿನಲ್ಲಿ, ಅವರ ಮದುವೆಯಾಯಿತು. ಈ ಕಾರಣಕ್ಕಾಗಿಯೇ ಇವತ್ತು ಆ ದಂಡೆಗೆ ಟಾಗೋರ್ ಕಡಲತೀರವೆಂದು ಹೆಸರು.

ಹೆಸರು ಸರಿಯೇ. ಆದರೆ ಆ ಮನೆಯಲ್ಲಿ ನಮಗೆ ಇನ್ನೂ ಹತ್ತಿರದವರೊಬ್ಬರಿದ್ದರು. ನ್ಯಾಯಾಧೀಶರ ಹೆಂಡತಿ ಜ್ಞಾನದಾನಂದಿನಿ ದೇವಿ. ಪರದೆಯೊಳಗೆ ಬೆಳೆದ ಅವರು ಗಂಡನ ಜೊತೆ ಮುಂಬಯಿ ಪ್ರಾಂತ್ಯಕ್ಕೆ ಬಂದಾಗ, ಹೊರಗೆ ನಾಲ್ಕು ಜನರ ನಡುವೆ ಓಡಾಡಲು ಅನುಕೂಲವಾಗುವಂತೆ ಪಾರ್ಸಿ ಹೆಂಗಸರನ್ನು ನೋಡಿ ಸೀರೆ ಉಡುವ ಬಗೆಯನ್ನು ರೂಢಿಸಿಕೊಂಡರು. ಒಳಗೆ ಲಂಗ, ಮೇಲೆ ರವಿಕೆ, ನೆರಿಗೆ, ಎಡಹೆಗಲ ಮೇಲೆ ಸೆರಗು. ಈ ಉಡುಗೆ ಬಂಗಾಳದಲ್ಲಿ ಹರಡಿದ್ದು ಅವರಿಂದ. 1877ರಲ್ಲಿ, ಗಂಡ ಜೊತೆಗಿಲ್ಲದೆ, ಮೂರು ಮಕ್ಕಳನ್ನು ಕಟ್ಟಿಕೊಂಡು ಹಡಗಿನಲ್ಲಿ ಇಂಗ್ಲೆಂಡಿಗೆ ಹೋದ ಗಟ್ಟಿಗಿತ್ತಿ. ಹೆಣ್ಣು ಮನೆಯ ಹೊರಗೆ ಕಾಲಿಡಬೇಕಾದರೆ ಮೊದಲು ಉಡುಗೆಯನ್ನು ಯೋಚಿಸಬೇಕಾಗಿದ್ದ ಕಾಲ ಅದು. ಆಮೇಲೆ ಎಲ್ಲಿ ಕೂರುವುದೆಂದು ಯೋಚಿಸಬೇಕು. ಮೊದಲನೆಯದಕ್ಕೆ ಅವರು ಉತ್ತರ ಕಂಡುಕೊಂಡರು. ಎರಡನೆಯದಕ್ಕೆ ನೂರು ವರ್ಷವಾದ ಮೇಲೂ ಆಯಿ ಪರದಾಡಬೇಕಾಯಿತು.

ಹೆಚ್ಚುಕಡಿಮೆ ಅದೇ ಕಾಲಕ್ಕೆ, 1884ರಲ್ಲಿ, ಮದ್ರಾಸಿನ ಗವರ್ನರ್ ಗ್ರ್ಯಾಂಟ್ ಡಫ್ ಅಲ್ಲಿಯ ಕಡಲ ಅಂಚಿನಲ್ಲಿ ನಡೆದಾಡುವ ದಾರಿ ಮಾಡಿಸಿ, ಇಟಲಿಯ ಊರುಗಳ ನೆನಪಿನಲ್ಲಿ ‘ಮರೀನಾ’ ಎಂದು ಹೆಸರಿಟ್ಟ. ಆಗ ಆ ಮಾತಿಗೆ ಸಂಜೆ ಗಾಳಿ ತೆಗೆದುಕೊಳ್ಳುವ ದಂಡೆ ಎಂದೇ ಅರ್ಥ. ಈಗ ಮರೀನಾ ಎಂದರೆ ಸಿರಿವಂತರ ವಿಹಾರದ ದೋಣಿಗಳನ್ನು ಕಟ್ಟುವ ಜಾಗ. ನಮ್ಮ ಕರಾವಳಿಯಲ್ಲೂ, ಬೈಂದೂರಿನಲ್ಲಿ, ಅಂಥದೊಂದನ್ನು ಮಾಡುವ ಮಾತು 2022ರಲ್ಲಿ ಬಂದಿತ್ತು. ಒಂದು ಶಬ್ದ ಕೂರುವವರ ಕಡೆಯಿಂದ ಒಡೆಯರ ಕಡೆಗೆ ಸರಿದ ಬಗೆ ಇದು.

ಕಾರವಾರ ದೊಡ್ಡ ಬಂದರಾಗಲಿಲ್ಲ. 1888ರ ಹೊತ್ತಿಗೆ ಬಯಲುಸೀಮೆಯಿಂದ ಗೋವೆಯ ಮರ್ಮಗೋವಾ ಬಂದರಿಗೆ ರೈಲು ಹಾದಿ ಪೂರ್ತಿಯಾಯಿತು. ಹತ್ತಿ ಗಾಡಿ ಇಳಿದು ರೈಲು ಹತ್ತಿತು. ಕಾರವಾರಕ್ಕೆ ಘಟ್ಟದ ಮೇಲಿನಿಂದ ರೈಲು ತರುವ ಮಾತು ಅಂದಿನಿಂದಲೂ ಇದೆ. ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಘಟ್ಟ ಇಳಿದಿಲ್ಲ. ವ್ಯಾಪಾರಿಗಳಿಗೆ ಇದು ನಷ್ಟವೇ. ಆದರೆ ಊರಿನ ಎದುರಿನ ಮರಳು ಉಳಿದದ್ದೂ ಇದರಿಂದಲೇ ಎಂದು ನನಗೆ ಅನಿಸುತ್ತದೆ. ಬೇಡವಾದದ್ದು ಜನರ ಪಾಲಿಗೆ ಉಳಿಯಿತು. ಮೀನುಗಾರರು ರಂಪಣಿ ಬಲೆ ಎಳೆದರು, ಮಕ್ಕಳು ಆಡಿದರು, ಕಚೇರಿಯವರು ಸಂಜೆ ತಿರುಗಾಡಿದರು.

1989ರ ಆ ಮಧ್ಯಾಹ್ನಕ್ಕೆ ಮತ್ತೆ ಬರುತ್ತೇನೆ. ನಾವು ಕೂತಲ್ಲಿಗೆ ಮೀನು ಮಾರಿ ಖಾಲಿ ಬುಟ್ಟಿ ಹಿಡಿದು ಬಂದ ಹೆಂಗಸೊಬ್ಬಳು ನೆರಳಿಗೆ ಕೂತಳು. ಆಯಿ ಮೊದಲು ಸೆರಗು ಸರಿಮಾಡಿಕೊಂಡು ಒಂದು ಮೊಳ ಆಚೆ ಸರಿದಳು. ಅದನ್ನು ಮುಚ್ಚಿಟ್ಟು ಬರೆಯಲಾರೆ. ಆಕೆ ಏನೂ ಅಂದುಕೊಳ್ಳದೆ ‘ಯಾವ ಊರು ಬಾಯಿ?’ ಎಂದಳು. ಘಟ್ಟದ ಮೇಲೆಂದೆವು. ತಾನು ಅರಗಾದವಳೆಂದಳು. ತಮ್ಮ ಊರೇ ಹೋಗುತ್ತದೆ, ನೌಕಾಪಡೆಯವರಿಗೆ ಬೇಕಂತೆ ಎಂದಳು. ಮೂರು ವರ್ಷ ಹಿಂದೆ, 1986ರ ಅಕ್ಟೋಬರಿನಲ್ಲಿ, ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿ ಹೋಗಿದ್ದರು. ‘ದುಡ್ಡು ಕೊಡ್ತ್ವಡಲೆ?’ ಎಂದು ಆಯಿ ಸಮಾಧಾನಕ್ಕೆಂದು ಕೇಳಿದಳು. ‘ದುಡ್ಡು ಕೊಡ್ತಾರೆ ಬಾಯಿ, ದಂಡೆ ಕೊಡ್ತಾರಾ?’ ಎಂದಳು ಆಕೆ. ಆಯಿಗೆ ಉತ್ತರ ಹೊಳೆಯಲಿಲ್ಲ. ಚೀಲ ಬಿಚ್ಚಿ, ನಾವು ತಂದಿದ್ದ ಅವಲಕ್ಕಿಯಲ್ಲಿ ಒಂದು ಪಾಲು ಬಾಳೆಲೆಯ ತುಂಡಿನಲ್ಲಿ ಹಾಕಿ ಆಕೆಗೆ ಕೊಟ್ಟಳು.

ಸೀಬರ್ಡಿಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಹದಿಮೂರು ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ಬಿಟ್ಟವು. 2005ರ ಮೇ ತಿಂಗಳಿನಲ್ಲಿ ನೆಲೆ ‘ಐ.ಎನ್.ಎಸ್. ಕದಂಬ’ವೆಂಬ ಹೆಸರಿನಲ್ಲಿ ಆರಂಭವಾಯಿತು. ದೇಶಕ್ಕೆ ಅದು ಬೇಕಾಗಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಊರಿನ ದಕ್ಷಿಣದ ದಂಡೆಗಳಿಗೆ ಬೇಲಿ ಬಿದ್ದ ಮೇಲೆ, ಬೈತಖೋಲದ ಬಂದರಿಗೂ ಕಾಳಿನದಿಗೂ ನಡುವೆ ಉಳಿದ ಈ ಮರಳಿನ ಬೆಲೆ ಹೆಚ್ಚಿತು.

ಉಳಿದದ್ದನ್ನು ಉದ್ಯಾನ ಮಾಡಿದರು. 2006ರಲ್ಲಿ ನಿವೃತ್ತವಾದ ಕ್ಷಿಪಣಿ ನೌಕೆಯೊಂದನ್ನು ದಂಡೆಯ ಮೇಲೆ ತಂದು ನಿಲ್ಲಿಸಿ ಸಂಗ್ರಹಾಲಯ ಮಾಡಿದರು. ಅದರ ಹೆಸರು ಚಪಲ. ವೇಗವುಳ್ಳದ್ದು ಎಂಬ ಅರ್ಥದಲ್ಲಿ ಇಟ್ಟದ್ದಿರಬೇಕು. ನಮ್ಮ ಮಾತಿನಲ್ಲಿ ಚಪಲವೆಂದರೆ ಕರಿದ ತಿಂಡಿಯ ಮುಂದೆ ತಡೆಯಲಾಗದ್ದು, ಹಾಗಾಗಿ ಮೊದಲ ಸಲ ಆ ಹೆಸರು ಓದಿ ನಾನೂ ನನ್ನ ಮಗಳೂ ನಕ್ಕದ್ದುಂಟು. ಮಕ್ಕಳ ಆಟದ ಜಾಗ, ಕರಾವಳಿ ಉತ್ಸವ ನಡೆಯುವ ಮಯೂರವರ್ಮ ವೇದಿಕೆ, ಜಿಲ್ಲೆಯ ಹಾಲಕ್ಕಿಗಳು, ಸಿದ್ದಿಯರು, ಗೌಳಿಗಳ ಬದುಕನ್ನು ಮೂರ್ತಿಗಳಲ್ಲಿ ತೋರಿಸುವ ಶಿಲಾವನ, ಇವೆಲ್ಲ ಒಂದೊಂದಾಗಿ ಬಂದವು. ಹೆದ್ದಾರಿ ಅಗಲವಾಗಿ ಮೇಲ್ಸೇತುವೆಯೂ ಬಂತು. ಊರಿಗೂ ದಂಡೆಗೂ ನಡುವೆ ಈಗ ವಾಹನಗಳು ಭರ್ರನೆ ಹೋಗುತ್ತವೆ.

ಆಮೇಲೆ ಬಂದರನ್ನು ವಿಸ್ತರಿಸುವ ಸಾಗರಮಾಲಾ ಯೋಜನೆ ಬಂತು. ಅಲೆತಡೆ ಗೋಡೆ ದಂಡೆಯ ಕಡೆಗೇ ಬರುತ್ತದೆಂದು ತಿಳಿದಾಗ, 2020ರ ಜನವರಿಯಲ್ಲಿ ಮೀನುಗಾರರು ದೊಡ್ಡ ಹೋರಾಟ ನಡೆಸಿದರು. ಹೆಂಗಸರೂ ಬಂದು ನಿಂತರು. ಅದೇ ತಿಂಗಳು ಹೈಕೋರ್ಟು ಕೆಲಸಕ್ಕೆ ತಡೆಯಾಜ್ಞೆ ಕೊಟ್ಟಿತು. ಪೇಪರಿನಲ್ಲಿ ಅವರ ಚಿತ್ರ ನೋಡಿದಾಗ ನನಗೆ ಅರಗಾದ ಆ ಹೆಂಗಸಿನ ನೆನಪಾಯಿತು. ಅವಳ ಮಗಳೋ ಸೊಸೆಯೋ ಅಲ್ಲಿದ್ದಿರಬಹುದು. ಮೊದಲ ಸಲ ಕೇಳಿದಾಗ ಕೊಟ್ಟುಬಿಟ್ಟವರು, ಮತ್ತೊಂದು ಸಲ ಕೇಳಿದಾಗ ಇಲ್ಲವೆಂದಿದ್ದರು.

ಬಂದರು ಬೇಡವೆಂದು ನಾನು ವಾದಿಸುತ್ತಿಲ್ಲ. ಮೀನು ಹಿಡಿಯುವವರಿಗೂ ಬಂದರು ಬೇಕು, ಓದಿದ ಮಕ್ಕಳಿಗೆ ಕೆಲಸವೂ ಬೇಕು. ಆದರೆ ಮೆಣಸಿಗೆ, ಹತ್ತಿಗೆ, ಹಡಗಿಗೆ, ರಸ್ತೆಗೆ ಲೆಕ್ಕ ಬರೆಯುವ ಪುಸ್ತಕವಿದೆ. ಇಷ್ಟು ಟನ್ನು, ಇಷ್ಟು ರೂಪಾಯಿ ಎಂದು ಬರೆಯಬಹುದು. ಆಯಿ ಕೂತ ಎರಡು ತಾಸನ್ನು ಯಾವ ಪುಸ್ತಕದಲ್ಲಿ ಬರೆಯುವುದು? ಬರೆಯದೇ ಹೋದದ್ದು ಇಲ್ಲವೆಂದೇ ಆಗಿಬಿಡುತ್ತದೆ. ದಂಡೆ ‘ಖಾಲಿ ಬಿದ್ದಿದೆ’ ಎನ್ನುವ ಮಾತು ಹುಟ್ಟುವುದು ಹೀಗೆ. ನಮ್ಮ ಶಿರಸಿಯ ದೇವಿಕೆರೆ, ಕೋಟೆಕೆರೆಗಳ ದಂಡೆಗೂ ಈ ಮಾತು ಸಲ್ಲುತ್ತದೆ. ಊರಿನ ಯಾವ ಜಾಗವೂ ಖಾಲಿ ಬಿದ್ದಿರುವುದಿಲ್ಲ. ಅಲ್ಲಿ ಯಾರು ಕೂರುತ್ತಾರೆಂದು ನೋಡಿಲ್ಲ, ಅಷ್ಟೆ.

ಅವತ್ತು ಮೂರು ಗಂಟೆಗೆ ಕಚೇರಿಗೆ ಹೋದರೆ ಸಾಹೇಬರು ಬಂದಿರಲಿಲ್ಲ. ಬಂದ ಮೇಲೆ, ಇನ್ನೊಂದು ಕಾಗದ ಬೇಕು, ಮುಂದಿನ ತಿಂಗಳು ಬನ್ನಿ ಎಂದರು. ನನಗೆ ಅಳುವೇ ಬಂದಿತ್ತು. ಮೆಟ್ಟಿಲು ಇಳಿಯುತ್ತ ಆಯಿ ನನ್ನ ಕೈ ಹಿಡಿದು, ‘ಅಡ್ಡಿಲ್ಲೆ, ಮತ್ತೆ ಬಪ್ಪನ’ ಎಂದಳು. ಅವಳ ದನಿಯಲ್ಲಿ ಬೇಸರವಿರಲಿಲ್ಲ. ಮುಂದಿನ ತಿಂಗಳೂ ಬಂದೆವು, ಅದರ ಮುಂದಿನ ತಿಂಗಳೂ ಬಂದೆವು. ಮೂರನೆಯ ಸಲಕ್ಕೆ ಪಿಂಚಣಿ ಮಂಜೂರಾಯಿತು. ಆಮೇಲೆ ಆಯಿಗೆ ಕಾರವಾರಕ್ಕೆ ಹೋಗಲು ಕಾರಣವೇ ಇಲ್ಲದಾಯಿತು. ‘ಸಮುದ್ರ ನೋಡಿ ಬಪ್ಪನ’ ಎಂದು ಅವಳು ಹೇಳಲಿಲ್ಲ, ನನಗೂ ಕರೆದೊಯ್ಯಬೇಕೆಂದು ಹೊಳೆಯಲಿಲ್ಲ. ಈಗ ಆಯಿ ಇಲ್ಲ.

ಕಾಳಿನದಿಯ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದು ಬಿದ್ದ ಮೇಲೆ, ಸ್ವಲ್ಪ ತಿಂಗಳು ಕಳೆದು ಒಂದು ಮದುವೆಗೆಂದು ಕಾರವಾರಕ್ಕೆ ಹೋದೆ. ಊಟವಾದ ಮೇಲೆ ಒಬ್ಬಳೇ ದಂಡೆಗೆ ಹೋದೆ. ಕಡಲೆಕಾಯಿ ಮಾರುವವರು, ಫೋಟೋ ತೆಗೆಸಿಕೊಳ್ಳುವ ಹುಡುಗರು. ಅವರಿಂದ ಸ್ವಲ್ಪ ದೂರ, ನೆರಳಿನಲ್ಲಿ, ಪ್ಲಾಸ್ಟಿಕ್ ಕಡತವೊಂದನ್ನು ಮಡಿಲಲ್ಲಿ ಹಿಡಿದು ಒಬ್ಬ ಹೆಂಗಸು ಕೂತಿದ್ದಳು. ಪಕ್ಕದಲ್ಲಿ ಬಿಚ್ಚಿಟ್ಟ ಚಪ್ಪಲಿ, ನೀರಿನ ಬಾಟಲಿ. ಯಾವ ಕಚೇರಿಯ ಯಾವ ಸಾಹೇಬರು ಊಟಕ್ಕೆ ಹೋಗಿದ್ದರೋ. ಮಾತನಾಡಿಸೋಣವೆನಿಸಿತು. ಆಮೇಲೆ ಆಯಿಯ ಮಾತು ನೆನಪಾಗಿ, ಸುಮ್ಮನೆ ಸ್ವಲ್ಪ ಆಚೆ ಹೋಗಿ ನಾನೂ ಕೂತೆ.